ಲೆನ್ಸ್ ಹೊತ್ತ ಮೂರು ದಿನ

ಕೊಡಚಾದ್ರಿ ಸುತ್ತಮುತ್ತ ಮೂರು ದಿನ ನಡೆದು ನಿನ್ನೆ ಶಿವಮೊಗ್ಗಕ್ಕೆ ಬಂದೆ. ಬ್ಯಾಗಿನ ಪಟ್ಟಿ ಕೊರೆದ ಗುರುತು ಹೆಗಲ ಮೇಲೆ ಇನ್ನೂ ಕೆಂಪಗಿದೆ. ಒಳಗೆ ಗೆಳೆಯನಿಂದ ಎರವಲು ತಂದ, ದೂರದ್ದನ್ನು ಹತ್ತಿರ ತೋರಿಸುವ 600 ಎಂಎಂ ಲೆನ್ಸ್ ಇತ್ತು, ಟ್ರೈಪಾಡ್ ಬೇರೆ. ಹೊತ್ತದ್ದು ಶುದ್ಧ ದಂಡ.

ಕಬಿನಿಯ ಫೋಟೊ ನೋಡಿ ನೋಡಿ, ದೊಡ್ಡ ಲೆನ್ಸ್ ಇದ್ದರೆ ಯಾವ ಕಾಡಲ್ಲೂ ಹಾಗೇ ಚಿತ್ರ ಸಿಗುತ್ತದೆಂಬ ಭ್ರಮೆ ನಮಗೆ ಹತ್ತಿದೆ. ಅಲ್ಲಿ ಎಲೆ ಉದುರಿಸುವ ಕಾಡು, ಜೀಪಿನಲ್ಲಿ ಕೂತವರಿಗೆ ಹಿನ್ನೀರಿನ ಬಯಲಲ್ಲಿ ಆನೆ ಕಾಣುತ್ತದೆ. ನಮ್ಮದು ನಿತ್ಯಹರಿದ್ವರ್ಣ ಕಾಡು, ನಡುಮಧ್ಯಾಹ್ನವೂ ಮರದಡಿ ಮುಸ್ಸಂಜೆ. ಮೊದಲ ದಿನ ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಸಿಂಗಳೀಕದ ಗುಂಪು ಸಿಕ್ಕಿತು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ, ಕೈ ನಡುಗಿತು. ಬೆಳಕು ಸಾಲದೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ, 6400ಕ್ಕೆ ಏರಿಸಿದರೂ ಶಟರ್ ವೇಗ ಸೆಕೆಂಡಿನ 1/60 ದಾಟಲಿಲ್ಲ. ಬಿದ್ದ ಚಿತ್ರ ಇಷ್ಟು: ಬಿಳಿ ಆಕಾಶ, ಕೊಂಬೆಗೆ ಅಂಟಿದ ಕರಿಮುದ್ದೆ, ಕೆಳಗೆ ಜೋತ ಬಾಲದ ಕುಚ್ಚು.

ಎರಡನೇ ದಿನ 1,343 ಮೀಟರ್ ಎತ್ತರದ ತುದಿಯಲ್ಲಿ ಮಂಜೋ ಮಂಜು. ಲೆನ್ಸ್ ಒರೆಸಿದ್ದೇ ಕೆಲಸ.

ಇಳಿಯುವಾಗ ಕಂಡದ್ದು ಮಾತ್ರ ಹೇಳಲೇಬೇಕು. ಒಂದಿಬ್ಬರು ಮೊಬೈಲಿನಲ್ಲಿ ಕಾಕರಣೆ ಹಕ್ಕಿಯ ಕೂಗು ಹಾಕಿಕೊಂಡು ನಿಂತಿದ್ದರು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ಆ ಬಡಪಾಯಿ ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಇವರಿಗೆ ಒಳ್ಳೇ ಪೋಸು. ನನಗೆ ಇದು ಕಳ್ಳತನಕ್ಕಿಂತ ಕಡೆ ಅನಿಸುತ್ತದೆ. 'ಸುಮ್ಮನೆ ಕೂತರೆ ಅದೇ ಬರ್ತದಲ್ಲ' ಅಂದೆ. 'ಟೈಮ್ ಇಲ್ಲ ಸಾರ್' ಅಂದರು. ಟೈಮ್ ಇಲ್ಲದವರು ಈ ಕಾಡಿಗೆ ಯಾಕೆ ಬರುತ್ತಾರೋ!

ಉಂಬಳದ (ರಕ್ತ ಹೀರುವ ಕಾಡು ಜಿಗಣೆ) ಬಗ್ಗೆ ಕೇಳುವವರಿಗೆ: ನವೆಂಬರ್ ಕೊನೆಯಾದರೂ ಹಳ್ಳದ ಬದಿಯಲ್ಲಿ ಇದ್ದವು, ಹೊಗೆಸೊಪ್ಪಿನ ನೀರು ಸಾಕಾಯಿತು. ಹೆದರಬೇಕಾದದ್ದು ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಅದರ ಕಾಲ ಶುರುವಾಗುವುದೂ ಈಗಲೇ. ಉಣುಗು ಹತ್ತಿರ ಬಾರದಂತೆ ಮೈಗೆ ಹಚ್ಚುವ ಡೇಪಾ ತೈಲ ಹಚ್ಚಿಕೊಳ್ಳದೆ ಕಾಡು ಹೊಗಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಮೂರನೇ ದಿನ ಲೆನ್ಸನ್ನು ನಿಟ್ಟೂರು ಕಡೆಯ ಮನೆಯ ಜಗುಲಿಯಲ್ಲೇ ಬಿಟ್ಟೆ. ವನ್ಯಧಾಮದೊಳಗೆ ಟೆಂಟ್ ಹೊಡೆಯುವ ಹಾಗಿಲ್ಲ, ರಾತ್ರಿಗಳೆಲ್ಲ ಅಲ್ಲೇ ಕಳೆದದ್ದು. ಹಿಂದಿನ ತೋಟದಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ನಡೆದಿತ್ತು. ಮನೆಯ ಅಮ್ಮ ಕೊಟ್ಟ ಕಷಾಯದ ಲೋಟ ಕೈಯಲ್ಲಿ, ಹೆಗಲಿಗೆ ಚಿಕ್ಕ 100 ಎಂಎಂ ಲೆನ್ಸ್. ಅಡಿಕೆ ಮರದ ತೊಗಟೆಯೇ ಒಂದಿಷ್ಟು ಅಲ್ಲಾಡಿತು. ಹಾರುವ ಓತಿ! ಇರುವೆ ಸಾಲಿನ ಪಕ್ಕ ಕೂತು ಒಂದೊಂದನ್ನೇ ನೆಕ್ಕುತ್ತಿತ್ತು. ನಡುವೆ ಗಂಟಲ ಕೆಳಗಿನ ಹಳದಿ ತೊಗಲನ್ನು ಬಾವುಟದ ಹಾಗೆ ಬಿಚ್ಚಿ ಮಡಚುತ್ತಿತ್ತು, ಅಂದರೆ ಗಂಡು. ಆಮೇಲೆ ಪಕ್ಕೆಲುಬು ಅಗಲಿಸಿ, ನಡುವಿನ ತೊಗಲು ಹರಡಿ ಪಕ್ಕದ ಮರಕ್ಕೆ ತೇಲಿತು. ರೆಕ್ಕೆ ಬಡಿತವಿಲ್ಲ, ಸದ್ದಿಲ್ಲ. ಮೂರು ದಿನದಲ್ಲಿ ತೃಪ್ತಿ ಕೊಟ್ಟ ಚಿತ್ರಗಳೆಲ್ಲ ಆ ಒಂದು ಗಂಟೆಯವು.

ಹಾಗಾಗಿ ಮಲೆನಾಡಿಗೆ ಯಾವ ಲೆನ್ಸ್ ತರಲಿ ಅಂತ ಕೇಳುವ ಬೆಂಗಳೂರಿನ ಗೆಳೆಯರೇ, ಸಣ್ಣದು ತನ್ನಿ, ಉಳಿದ ಜಾಗಕ್ಕೆ ಅವಲಕ್ಕಿ ತುಂಬಿ.

ಓತಿ ತೇಲಿ ಹೋಗಿ ಕೂತದ್ದು ಗೊನೆ ಕೊಯ್ಯುವ ಕೊನೆಗೌಡ ಹತ್ತಿದ್ದ ಮರದಲ್ಲೇ, ಅವನ ಕಾಲಿಗೆ ಒಂದು ಮೊಳ ಕೆಳಗೆ. ನಾನು ಕ್ಯಾಮೆರಾ ಎತ್ತಿದ್ದು ನೋಡಿ ಅವನು ಅಲುಗಾಡದೆ ನಿಂತ. ಸ್ವಲ್ಪ ಹೊತ್ತಿಗೆ ಮೇಲಿಂದ ದನಿ ಬಂತು: 'ಆಯ್ತಾ ಮಾರಾಯ್ರೆ? ಕೊನೆ ಇಳಿಸ್ಬೇಕು, ಓತಿಗೋಸ್ಕರ ಎಷ್ಟೊತ್ತು ಹಿಂಗೇ ನೇತಾಡ್ಲಿ?'