ಆಫ್ ಮಾಡಿ, ಆನ್ ಮಾಡಿ

ಮನೆಯಲ್ಲಿ ವೈಫೈ ಕೈಕೊಟ್ಟಾಗ ಮೊದಲು ನೋಡುವುದು ಫೋನಿನ ಮೂಲೆಯಲ್ಲಿರುವ ಆ ಗೆರೆಗಳನ್ನು, ಅಲ್ವಾ? ಗೆರೆಗಳೆಲ್ಲ ಭರ್ತಿ. ಕೆಳಗೆ ಚಕ್ರ ಮಾತ್ರ ಸುತ್ತುತ್ತಲೇ ಇರುತ್ತದೆ. ಅವುಗಳನ್ನು ನಾನು ಎಷ್ಟೋ ವರ್ಷ ನಂಬಿದ್ದೆ. ಅವು ಹೇಳುವುದು ಇಷ್ಟೇ: ರೂಟರಿನ ದನಿ ಫೋನಿಗೆ ಜೋರಾಗಿ ಕೇಳಿಸುತ್ತಿದೆ. ಹೊರಗಿನ ಕೇಬಲ್ ತುಂಡಾಗಿದ್ದರೂ ಅವು ಹಾಗೇ ಮೆರೆಯುತ್ತಿರುತ್ತವೆ.

ಆಮೇಲೆ ಎಲ್ಲರಿಗೂ ಗೊತ್ತಿರುವ ರಾಮಬಾಣ. ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಒಂದೊಂದೇ ದೀಪ ಮಿಣುಕಿ ಮಿಣುಕಿ ಹಸಿರಾಗುವುದನ್ನು ಉಸಿರು ಬಿಗಿಹಿಡಿದು ಕಾಯುವುದು. ಬಂತು! ನನ್ನ ತಕರಾರು ಇಲ್ಲೇ. ಮದ್ದು ನಾಟುತ್ತದೆ, ಹಾಗಾಗಿ ರೋಗ ಏನು ಅಂತ ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಆರು ತಿಂಗಳು ದಿನಾ ಸಂಜೆ ಇದೇ ನಡೆಯಿತು.

ಒಂದು ಸಂಜೆ ಹಟ ಹಿಡಿದು, ಆಫ್ ಮಾಡದೆ, ರೂಟರಿನಿಂದ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದೆ. ಫೋನಿನಲ್ಲಿ ಚಕ್ರ, ಲ್ಯಾಪ್‌ಟಾಪಿನಲ್ಲಿ ವಿಡಿಯೊ ಸಲೀಸು! ಇಂಟರ್ನೆಟ್ ಕೊಡುವವರನ್ನು ಇಷ್ಟು ದಿನ ಸುಮ್ನೆ ಬೈದಿದ್ದೆ. ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿದರೆ, ಅಕ್ಕಪಕ್ಕದ ರೂಟರುಗಳೆಲ್ಲ ನಮ್ಮ ಚಾನೆಲ್ಲಿನಲ್ಲೇ, ಅಂದರೆ ನಮ್ಮ ವೈಫೈ ಮಾತಾಡುವ ರೇಡಿಯೊ ಓಣಿಯಲ್ಲೇ, ಬೀಡುಬಿಟ್ಟಿವೆ. ದನಿ ಎಷ್ಟು ಜೋರಾಗಿದ್ದರೇನು, ಸಂತೆಯಲ್ಲಿ ನಿಂತರೆ? ವೈಫೈ ಬಳಸುವ ರೇಡಿಯೊ ಪಟ್ಟಿಗಳಲ್ಲೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು ಸಾಮಾನ್ಯವಾಗಿ ಮೂರೇ: 1, 6, 11. ಜಾಣತನ ಮಾಡಿ 3 ಅಥವಾ 4 ಹಿಡಿದರೆ ಎರಡೂ ಕಡೆಯ ಗಲಾಟೆ ತಲೆಗೆ ಬರುತ್ತದೆ. (ಮೈಕ್ರೋವೇವ್ ಒಲೆಯದೂ ಇದೇ ಬೀದಿ.) ಆಫ್-ಆನ್ ಮಾಡಿದಾಗ ನಮ್ಮ ರೂಟರು ಖಾಲಿ ಇದ್ದ ಕಡೆ ಹೋಗಿ ಕೂರುತ್ತಿತ್ತು, ಮರುದಿನ ಸಂಜೆಯ ಹೊತ್ತಿಗೆ ಅಲ್ಲೂ ಜನ.

ಫೋನುಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿದೆ. ಅಲ್ಲಿ ಜಾಗ ಜಾಸ್ತಿ, ಆದರೆ ಗೋಡೆ ಕಂಡರೆ ಅದಕ್ಕೆ ಸುಸ್ತು. ಹಾಗಾಗಿ ನೋಡೋಕೆ ಚೆನ್ನಾಗಿಲ್ಲ ಅಂತ ಟಿವಿ ಹಿಂದೆ ತುರುಕಿದ್ದ ರೂಟರನ್ನು ಹೊರಗೆಳೆದು, ಧೂಳು ಒರೆಸಿ, ಮರದ ಕಪಾಟಿನ ಮೇಲಿಟ್ಟೆ.

ಮೂರು ತಿಂಗಳು ತೊಂದರೆ ಇರಲಿಲ್ಲ. ಮೊನ್ನೆ ಮತ್ತೆ ನಿಂತಿತು. ನಾನು ಉತ್ಸಾಹದಿಂದ ಕೇಬಲ್ ಹುಡುಕಿ ತರುವಷ್ಟರಲ್ಲಿ ಮಗ ಕುರ್ಚಿ ಹತ್ತಿ ಆಫ್ ಮಾಡಿ ಆನ್ ಮಾಡಿಬಿಟ್ಟಿದ್ದ. ‘ಬಂತಪ್ಪಾ’ ಅಂದ. ಯಾಕೆ ಹೋಗಿತ್ತೋ!