ಸೋಲ್‌ನಲ್ಲಿ ಸೋತ ಮಾಮ

ಕಾನೂನು ಮಾಡಿ ಪ್ರಜೆಗಳ ವಯಸ್ಸು ಇಳಿಸಿದ ಸರ್ಕಾರವೂ ಒಂದಿದೆ. ದಕ್ಷಿಣ ಕೊರಿಯಾದ್ದು. ಅಲ್ಲಿನ ಹಳೆಯ ಲೆಕ್ಕದಲ್ಲಿ ಮಗು ಹುಟ್ಟುವಾಗಲೇ ಒಂದು ವರ್ಷದ್ದು. ಆಮೇಲೆ ಜನವರಿ 1 ಬಂದಾಗಲೆಲ್ಲ ಊರಿಗೆ ಊರೇ ಒಂದು ವರ್ಷ ದೊಡ್ಡದಾಗುತ್ತಿತ್ತು. ಡಿಸೆಂಬರ್ 31ರ ರಾತ್ರಿ ಹುಟ್ಟಿದ ಕೂಸಿಗೆ ಬೆಳಗಾಗುವಷ್ಟರಲ್ಲಿ ಎರಡು ವರ್ಷ, ಪಾಪ, ಅದಿನ್ನೂ ಸರಿಯಾಗಿ ಕಣ್ಣೇ ಬಿಟ್ಟಿರುವುದಿಲ್ಲ. 2023ರ ಜೂನ್ 28ರಿಂದ ಜಗತ್ತಿನ ಲೆಕ್ಕವೇ ನಮ್ಮ ಲೆಕ್ಕ ಎಂಬ ಕಾನೂನು ಜಾರಿಗೆ ಬಂತು. ಐದು ಕೋಟಿ ಜನ ರಾತ್ರೋರಾತ್ರಿ ಒಂದೋ ಎರಡೋ ವರ್ಷ ಚಿಕ್ಕವರಾದರು. ಆದರೆ ಹೆಂಡ, ಸಿಗರೇಟು ಮತ್ತು ಸೈನ್ಯದ ಕರೆಗೆ ಇನ್ನೊಂದೇ ಲೆಕ್ಕ ಉಳಿಯಿತು: ಈ ವರ್ಷದಿಂದ ಹುಟ್ಟಿದ ವರ್ಷ ಕಳೆಯುವುದು.

ನಾನು 1971ರ ನವೆಂಬರ್‌ನವನು. 2024ರ ಅಕ್ಟೋಬರಿನಲ್ಲಿ ಅಲ್ಲಿನ ರಾಜಧಾನಿ ಸೋಲ್ ನಗರಕ್ಕೆ ಹೋದಾಗ ಒಂದು ಲೆಕ್ಕದಲ್ಲಿ ನನಗೆ 52, ಇನ್ನೊಂದರಲ್ಲಿ 53, ಹಳೆಯದರಲ್ಲಿ 54. ವಯಸ್ಸಿನಲ್ಲೂ ಇಷ್ಟು ಚೌಕಾಸಿಗೆ ಜಾಗವಿರುವ ದೇಶ ನನ್ನಂಥವನನ್ನು ಬಿಟ್ಟುಕೊಡಲಾರದು ಎಂಬ ಧೈರ್ಯದಲ್ಲಿ, ಅಲ್ಲಿ ಓದುತ್ತಿರುವ ಅಕ್ಕನ ಮಗನ ಜೊತೆ ಹೊಂಗ್‌ದೇಗೆ ಹೊರಟೆ.

ಹೊಂಗಿಕ್ ವಿಶ್ವವಿದ್ಯಾಲಯದ ಸುತ್ತಲಿನ ಗಲ್ಲಿಗಳಿಗೆ ಹೊಂಗ್‌ದೇ ಎಂದು ಹೆಸರು. ಮೆಟ್ರೊ ನಿಲ್ದಾಣದ 9ನೇ ದ್ವಾರದಿಂದ ಹೊರಬಿದ್ದರೆ ಹರೆಯದ ಜಾತ್ರೆ. ಹತ್ತು ಹೆಜ್ಜೆಗೊಬ್ಬ ಮೈಕು ಹಿಡಿದು ಹಾಡುತ್ತಾನೆ, ಹನ್ನೊಂದನೆಯ ಹೆಜ್ಜೆಯಲ್ಲಿ ಐದು ಜನ ಕುಣಿಯುತ್ತಾರೆ. ಫೋಟೊ ತೆಗೆಸಿಕೊಳ್ಳುವ ಗೂಡಂಗಡಿಗಳಿಗಂತೂ ಲೆಕ್ಕವಿಲ್ಲ. ಒಂದರೊಳಗೆ ಹೊಕ್ಕೆವು. ಗೋಡೆಯ ತುಂಬ ಕರಡಿ ಕಿವಿ, ಮೊಲದ ಕಿವಿ, ಗಾಜಿಲ್ಲದ ಕನ್ನಡಕ. ಕನ್ನಡಿಯ ಪಕ್ಕದಲ್ಲಿ ಕೂದಲಿಗೆ ಇಸ್ತ್ರಿ ಹಾಕುವ ಯಂತ್ರ, ಬಿಟ್ಟಿಯಾಗಿ. ಸಾಲಿನಲ್ಲಿದ್ದ ಹುಡುಗಿ ಅದನ್ನು ನನ್ನತ್ತ ಚಾಚಿದವಳು, ನನ್ನ ತಲೆ ನೋಡಿ ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಇಸ್ತ್ರಿಯೇನೋ ಇತ್ತು, ಬಟ್ಟೆಯೇ ಇರಲಿಲ್ಲ.

ಅಲ್ಲಿಂದ ಒಂದು ಕ್ಲಬ್ಬಿನ ಬಾಗಿಲಿಗೆ. ದ್ವಾರಪಾಲಕ ಪಾಸ್‌ಪೋರ್ಟ್ ಕೇಳಿದ. ಅಪ್ರಾಪ್ತನೆಂದು ಅನುಮಾನ ಬಂತೇನೋ ಎಂದು ಒಂದು ಕ್ಷಣ ಹಿಗ್ಗಿದೆ. ಆತ ಹುಟ್ಟಿದ ವರ್ಷದ ಮೇಲೆ ಬೆರಳಿಟ್ಟು, ಎರಡೂ ಕೈಯಿಂದ ಪಾಸ್‌ಪೋರ್ಟ್ ಹಿಂದಿರುಗಿಸಿ, ಸೊಂಟದವರೆಗೆ ಬಾಗಿ ಏನೋ ಹೇಳಿದ.

"ಏನಂತೆ?"

"ಮಾಮ, ನಿಮಗೆ ತುಂಬಾ ಮರ್ಯಾದೆ ಕೊಟ್ಟು ಹೋಗಿ ಅಂತಿದಾನೆ."

ನಮ್ಮ ನೀನು-ನೀವುಗಳ ಹಾಗೆಯೇ ಕೊರಿಯನ್ ಭಾಷೆಯಲ್ಲೂ ವಯಸ್ಸು ನೋಡಿ ಮಾತು ಬದಲಾಗುತ್ತದೆ. ನಮ್ಮಲ್ಲಿ ಬದಲಾಗುವುದು ಸರ್ವನಾಮ ಮತ್ತು ಕ್ರಿಯಾಪದದ ಬಾಲ ಮಾತ್ರ, ಅವರಲ್ಲಿ ಊಟಕ್ಕೇ ಬೇರೆ ಪದ, ನಿದ್ದೆಗೇ ಬೇರೆ ಪದ. 2023ರಲ್ಲಿ ಒಂದು ಕಾಫಿ ಅಂಗಡಿ 60 ದಾಟಿದವರಿಗೆ ಪ್ರವೇಶವಿಲ್ಲ ಎಂದು ಬಾಗಿಲಿಗೆ ಅಂಟಿಸಿ ದೇಶವೆಲ್ಲ ಸುದ್ದಿಯಾಗಿತ್ತು. ಆ ಚೀಟಿಯಲ್ಲೂ ಮುದುಕರನ್ನು ಕರೆದದ್ದು ಗೌರವದ ಪದದಿಂದಲೇ. ಕತ್ತು ಹಿಡಿದು ದಬ್ಬುವಾಗಲೂ ಶಾಲು ಹೊದಿಸಿ ದಬ್ಬುವ ಸಂಸ್ಕೃತಿ!

ಅಳಿಯ "ಹತ್ತೇ ನಿಮಿಷ, ಇಲ್ಲೇ ಓಡಾಡ್ತಿರಿ ಮಾಮ" ಎಂದು ಒಳಗೆ ಹೋದ. ಹತ್ತು ನಿಮಿಷ ಒಂದೂವರೆ ಗಂಟೆಯಾಯಿತು.

ಆ ಹೊತ್ತಿನಲ್ಲಿ ಸುತ್ತ ನೋಡಿದೆ. ಒಂದು ಬಾರಿನ ಬೋರ್ಡು ನನ್ನ ಬಾಲ್ಯದ ಅಕ್ಷರಗಳ ಧಾಟಿಯಲ್ಲಿತ್ತು. ಒಳಗೆ ತಗಡಿನ ಮೇಜು, ಹಳೆಯ ಟೀವಿ, ತಿಳಿನೀಲಿ ಬಾಟಲಿಯಲ್ಲಿ ಸೋಜು ಎಂಬ ಅಲ್ಲಿನ ಸಾರಾಯಿ. ಆ ಹಳೆಯ ಚಹರೆಯ ಬಾಟಲಿ 2019ರಲ್ಲಿ ಮತ್ತೆ ಬಂದದ್ದು. ಈ ಚಾಳಿಗೆ ಅವರು 'ನ್ಯೂಟ್ರೊ' ಎಂದು ಹೆಸರಿಟ್ಟಿದ್ದಾರೆ, ಹೊಸಬರಿಗಾಗಿ ಹಳೆಯದು. ಪಕ್ಕದಲ್ಲೇ ಉದ್ಯಾನ. ಅದು 1906ರ ರೈಲು ದಾರಿ, ಈಗ ಹಳಿಯ ತುಣುಕು ಉಳಿಸಿಕೊಂಡು ಹುಲ್ಲು ಬೆಳೆಸಿದ್ದಾರೆ. ಅದರ ಮೇಲೆ ಜೋಡಿಗಳು ಕೂತು ಬಿಯರ್ ಕುಡಿಯುತ್ತವೆ. ನೂರು ದಾಟಿದ ಹಳಿಗೆ ಪ್ರವೇಶವಿದೆ, ಎಪ್ಪತ್ತರ ದಶಕದ ಬಾಟಲಿಗೆ ಇದೆ, ಎಪ್ಪತ್ತರ ದಶಕದಲ್ಲಿ ಹುಟ್ಟಿದ ನನಗಿಲ್ಲ. ಹಳೆಯದು ಬೇಕು, ಹಳಬ ಬೇಡ. ನಾನೂ ತುಕ್ಕು ಹಿಡಿದು ಅಲ್ಲಾಡದೆ ನಿಂತಿದ್ದರೆ ಯಾರಾದರೂ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರೇನೋ.

ವ್ಯಾಪಾರದ ದೃಷ್ಟಿಯಿಂದಲಾದರೂ ಯೋಚಿಸಬೇಡವೇ? 2023ರಲ್ಲಿ ಆ ದೇಶದ ಜನನ ದರ ಒಬ್ಬ ಹೆಂಗಸಿಗೆ 0.72 ಮಗು. ನಾನು ಬಂದ ಎರಡು ತಿಂಗಳಿಗೆ, ಡಿಸೆಂಬರಿನಲ್ಲಿ, 65 ದಾಟಿದವರು ಜನಸಂಖ್ಯೆಯ ಶೇ 20 ಮೀರಿದರು. ಹುಡುಗರು ಹುಟ್ಟುತ್ತಿಲ್ಲ, ಹುಟ್ಟಿದವರು ಹುಡುಗರಾಗಿ ಉಳಿಯುತ್ತಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಆ ದ್ವಾರಪಾಲಕ ತನ್ನನ್ನೇ ತಡೆದು, ತನಗೇ ಬಾಗಿ, ತನ್ನನ್ನೇ ಮನೆಗೆ ಕಳಿಸಬೇಕಾದೀತು.

ಅಳಿಯ ಬೆವರಿಕೊಂಡು ಬಂದ. ದಾರಿಯಲ್ಲಿ ಸುಮ್ಮನಿರಲಾರದೆ, ನಮ್ಮ ಕಾಲದಲ್ಲಿ ಕಾಲೇಜು ಹುಡುಗರು ಹೇಗಿದ್ದೆವು ಗೊತ್ತಾ ಎಂದು ಶುರುಮಾಡಿದೆ. ಹೀಗೆ ಉಪದೇಶ ಮಾಡುವ ಹಿರಿಯರಿಗೆ ಇಲ್ಲೊಂದು ಬೈಗುಳವಿದೆ ಮಾಮ ಎಂದ. ಉಚ್ಚಾರ ಹೆಚ್ಚುಕಡಿಮೆ ನಮ್ಮ 'ಕೊಂದೆ'. ಅನುವಾದ ಬೇಕಾಗಲಿಲ್ಲ.

ಮೆಟ್ರೊದಲ್ಲಿ ಕಾಲಿಡಲು ಜಾಗವಿಲ್ಲ, ಆದರೆ ಬೋಗಿಯ ತುದಿಯ ಹಿರಿಯರ ಸೀಟುಗಳು ಖಾಲಿ. ಹುಡುಗರು ಯಾರೂ ಅಲ್ಲಿ ಕೂರುವುದಿಲ್ಲ. ಕ್ಲಬ್ಬೇ ಸರ್ಟಿಫಿಕೇಟು ಕೊಟ್ಟಮೇಲೆ ನನಗೇನು ಅಂಜಿಕೆ? ಕೂತೆ. ಮುಂದಿನ ನಿಲ್ದಾಣದಲ್ಲಿ ಹತ್ತಿದ ಅಜ್ಜರೊಬ್ಬರು ನನ್ನೆದುರು ನಿಂತು ಕೋಲಿನಿಂದ ನೆಲ ಕುಟ್ಟಿದರು.

"ವಯಸ್ಸೆಷ್ಟು ಅಂತ ಕೇಳ್ತಿದಾರೆ ಮಾಮ."

"ಯಾವ ವಯಸ್ಸು ಬೇಕಂತೆ ಕೇಳೋ."

ಅಳಿಯ ಇದ್ದುದರಲ್ಲಿ ದೊಡ್ಡದನ್ನೇ, 54 ಎಂದು ಹೇಳಿದ. ಅಜ್ಜ ನೊಣ ಓಡಿಸುವ ಹಾಗೆ ಕೈಬೀಸಿದರು.

"65 ಆದಮೇಲೆ ಬಂದು ಕೂತ್ಕೋ, ಈಗ ಏಳು ಅಂತಿದಾರೆ. ಏಕವಚನದಲ್ಲೇ ಹೇಳ್ತಿದಾರೆ ಮಾಮ, ಬೇಜಾರು ಮಾಡ್ಕೋಬೇಡಿ."

ಎದ್ದು ಕಂಬಿ ಹಿಡಿದು ನಿಂತೆ. ಮಂಡಿ ಕಿರುಗುಡುತ್ತಿತ್ತು. ಏಕವಚನ ಮಾತ್ರ ಕಿವಿಗೆ ತುಂಬ ಹಿತವಾಗಿತ್ತು.