ತಿಪಟೂರಿನ ಕೊಬ್ಬರಿಯನ್ನು ಎಣ್ಣೆ ತೆಗೆಯೋಕೆ ಗಾಣಕ್ಕೆ ಕೊಡಬೇಕಾ?

ಪರ

ತೆಂಗು ಎಣ್ಣೆಯ ಬೆಳೆ ಅಂತ ಶಾಲೆಯಲ್ಲಿ ಓದಿದ್ದೇವೆ. ನಮ್ಮ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಕಡೆ ಮಾತ್ರ ಅದು ಅಟ್ಟದ ಬೆಳೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಮೇಲೆ ಸುಲಿದು, ಒಡೆದು, ಚೀಲ ತುಂಬಿ ಎಪಿಎಂಸಿ ಮಾರುಕಟ್ಟೆಗೆ. ಅಲ್ಲಿಂದ ಉತ್ತರ ಭಾರತಕ್ಕೆ. ಅಲ್ಲಿನ ಹಬ್ಬ, ಮದುವೆಯ ವ್ಯಾಪಾರ ಸಪ್ಪೆಯಾದರೆ ನಮ್ಮ ಮನೆಯಲ್ಲಿ ಚಿಂತೆ. 2023ರಲ್ಲಿ ಹೀಗೆ ಇಡಿಯಾಗಿ ಒಣಗಿದ, ತಿನ್ನುವ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಅಷ್ಟೂ ಸಿಗಲಿಲ್ಲ.

ಎಣ್ಣೆಗಾದರೆ ಇಷ್ಟು ಕಾಯುವ ಕೆಲಸವಿಲ್ಲ. ಬಲಿತ ಕಾಯಿ ಹೋಳು ಮಾಡಿ, ಒಳ್ಳೆ ಬಿಸಿಲಲ್ಲಿ ಒಂದು ವಾರ ಒಣಗಿಸಿದರೆ ಸಾಕು. ಚೆನ್ನಾಗಿ ಒಣಗಿದ 100 ಕೆಜಿ ಕೊಬ್ಬರಿಯಲ್ಲಿ 60ರಿಂದ 65 ಕೆಜಿ ಎಣ್ಣೆ ಇರುತ್ತದೆ. ಹಿಂಡಿ ಹಸುವಿಗಾಯಿತು. ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಲಾರಿಕ್ ಆಮ್ಲ ಅನ್ನೋ ಕೊಬ್ಬಿನ ಅಂಶ. ಸೋಪಿಗೆ ಚೆನ್ನಾಗಿ ನೊರೆ ಬರೋದು ಅದರಿಂದಲೇ. ಕರಟದ ಇದ್ದಿಲು, ಮಟ್ಟೆಯ ನಾರನ್ನು ನಾನು ಲೆಕ್ಕಕ್ಕೆ ಸೇರಿಸಲ್ಲ. ಅವು ಎರಡೂ ದಾರಿಯಲ್ಲಿ ಸಿಗುತ್ತವೆ, ಸುಮ್ನೆ ಎಣ್ಣೆಯ ಹೆಸರಿಗೆ ಬರೆದರೆ ಮೋಸ ಅಲ್ವಾ?

ವಿರೋಧ

ಸರ್ಕಾರದ ಬೆಂಬಲ ಬೆಲೆಯನ್ನೇ ನೋಡಿ. 2024ರಲ್ಲಿ ಉಂಡೆ ಕೊಬ್ಬರಿಗೆ 12,000, ಎಣ್ಣೆಗೆ ಹೋಗುವ ಕೊಬ್ಬರಿಗೆ 11,160 ರೂಪಾಯಿ. ತಿನ್ನುವ ಮಾಲನ್ನು ಹಿಂಡಲು ಕೊಟ್ಟರೆ ಕ್ವಿಂಟಲ್‌ಗೆ 840 ರೂಪಾಯಿ ಅಲ್ಲೇ ಹೋಯಿತು.

ಎಣ್ಣೆ ತೆಗೆದು ಮಾರೋದಾದರೂ ಯಾರಿಗೆ? ತುಮಕೂರಿನವರಿಗೆ ತೆಂಗಿನೆಣ್ಣೆ ತಲೆಗೆ ಹಚ್ಚೋದಕ್ಕೆ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಪಾವಗಡ, ಶಿರಾದಲ್ಲಿ ಬೆಳೆಯೋದೂ ಅದೇ. ತೆಂಗಿನೆಣ್ಣೆಯಲ್ಲೇ ಅಡುಗೆ ಮಾಡುವ ಕೇರಳದವರಿಗೆ ಅವರದೇ ಮಿಲ್ಲುಗಳಿವೆ. ಸೋಪಿನವರ ಆಸೆಯೂ ಬೇಡ. ತಾಳೆ ಬೀಜದ ಎಣ್ಣೆಯಲ್ಲೂ ಲಾರಿಕ್ ಆಮ್ಲ ಅಷ್ಟೇ ಇದೆ. ಯಾವುದು ಅಗ್ಗವೋ ಅದನ್ನು ತರಿಸಿಕೊಳ್ಳುತ್ತಾರೆ.

ಅಟ್ಟದಲ್ಲಿ ಕಾಯೋದು ನಷ್ಟ ಅಂತ ನನಗೆ ಅನಿಸಲ್ಲ. ಮಗಳ ಫೀಸು ಕಟ್ಟೋಕೆ ಹತ್ತು ಚೀಲ, ಬೋರ್ ಕೆಟ್ಟಾಗ ಇನ್ನಷ್ಟು, ಹೀಗೆ ಬೇಕಾದಾಗ ಇಳಿಸಿಕೊಳ್ಳಬಹುದು. 2025ರಲ್ಲಿ ಕೊಬ್ಬರಿ ಬೆಲೆ ಕ್ವಿಂಟಲ್‌ಗೆ 20,000 ದಾಟಿದಾಗ ಅಟ್ಟದಲ್ಲಿ ಕಾಯಿ ಉಳಿಸಿಕೊಂಡವರಿಗೆ ದುಡ್ಡಾಯಿತು. ಇಲಿ, ಬೂಷ್ಟಿನ ಕಾಟ ಇದ್ದೇ ಇದೆ, ಇಲ್ಲ ಅನ್ನಲ್ಲ. ಒಡೆಯುವಾಗ ಚೂರಾದದ್ದು, ಕೆಟ್ಟದ್ದು ಈಗಲೂ ಗಾಣಕ್ಕೇ ಹೋಗುತ್ತದೆ. ದುಂಡಗಿನ ಒಳ್ಳೆ ಕೊಬ್ಬರಿಯನ್ನೂ ಅದರ ಜೊತೆ ಕಳಿಸೋಕೆ ನನಗಂತೂ ಕೈ ಬರಲ್ಲ.